9ರಿಂದ 18ಕ್ಕೆ: ಇಎಸ್‌ಐ ಮೇಲ್ಮನವಿಗೆ ನಾನು ಹಿಡಿದ ವಕೀಲರ ಬಗ್ಗೆ

ನನ್ನ ಬಲಗೈ ತೋರುಬೆರಳಿನ ತುದಿ ಗೆಣ್ಣು ಇಲ್ಲ. ನಡುಬೆರಳು ಇದೆ, ಆದರೆ ಮಡಚಲು ಬರುವುದಿಲ್ಲ. ಇಲ್ಲದ ಗೆಣ್ಣಿಗೆ ಕಾರ್ಮಿಕರ ರಾಜ್ಯ ವಿಮಾ ನಿಗಮ, ಅಂದರೆ ಇಎಸ್‌ಐ ಪರಿಹಾರ ಕೊಟ್ಟಿತು, ಇದ್ದೂ ಕೆಲಸಕ್ಕೆ ಬಾರದ ಬೆರಳಿಗೆ ಕೊಡಲಿಲ್ಲ. ಆಮೇಲೆ ಅದಕ್ಕೂ ಸಿಗುವಂತೆ ಮಾಡಿದವರು ಮೈಸೂರಿನ ಚಾಮರಾಜಪುರಂ ಕಡೆ ಆಫೀಸು ಇಟ್ಟುಕೊಂಡಿರುವ ಒಬ್ಬ ವಕೀಲೆ. ಅವರ ಕೆಲಸ ಹೇಗಿತ್ತು, ಎಷ್ಟು ಖರ್ಚಾಯಿತು, ಎಲ್ಲಿ ಬೇಸರವಾಯಿತು ಎಲ್ಲವನ್ನೂ ಬರೆಯುತ್ತೇನೆ, ಹೆಸರೊಂದನ್ನು ಬಿಟ್ಟು. ಬರೀತೀನಿ ಮೇಡಂ ಅಂದಾಗ ಅವರೇ ಹೆಸರು ಹಾಕಬೇಡಿ ಅಂದರು. ವಕೀಲರು ತಮ್ಮ ಪ್ರಚಾರ ಮಾಡಿಕೊಳ್ಳುವ ಹಾಗಿಲ್ಲ ಅನ್ನುವುದು ಬಾರ್ ಕೌನ್ಸಿಲ್ ನಿಯಮವಂತೆ. ನನ್ನಂಥವರಿಗೆ ಹೆಸರಿಗಿಂತ ಅವರು ಏನು ಮಾಡಿದರು ಅನ್ನುವುದೇ ಉಪಯೋಗಕ್ಕೆ ಬರುತ್ತದೆ ಅಂತ ಬರೆಯುತ್ತಿದ್ದೇನೆ.

ನಮ್ಮೂರು ಶ್ರೀರಂಗಪಟ್ಟಣ ತಾಲ್ಲೂಕು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಪವರ್ ಪ್ರೆಸ್, ಅಂದರೆ ತಗಡು ಒತ್ತುವ ಯಂತ್ರ ಓಡಿಸಿದವನು ನಾನು. 2022ರ ಮಾರ್ಚ್‌ನಲ್ಲಿ, ರಾತ್ರಿ ಪಾಳಿ. ಡೈನಲ್ಲಿ ಸಿಕ್ಕಿಕೊಂಡ ಬ್ರಾಕೆಟ್ ಬಿಡಿಸಲು ಕೈ ಹಾಕಿದೆ, ಪ್ರೆಸ್ ಇಳಿಯಿತು. ಎರಡು ಕೈಯಲ್ಲಿ ಎರಡು ಬಟನ್ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯಬೇಕಾದ ಯಂತ್ರ ಅದು. ಪೀಸು ಜಾಸ್ತಿ ಬರಲಿ ಅಂತ ಒಂದು ಬಟನ್ನಿಗೆ ತಂತಿ ಬಿಗಿದಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಇಲ್ಲಿ ಹೇಳಬೇಕಾದ್ದು ಕಾಗದಗಳ ಕಥೆ.

ಅವತ್ತು ರಾತ್ರಿ ಹತ್ತಿರ ಸಿಕ್ಕ ಖಾಸಗಿ ನರ್ಸಿಂಗ್ ಹೋಮ್‌ಗೆ ಸೇರಿಸಿದರು. ತೋರುಬೆರಳಿನ ತುದಿ ಉಳಿಯಲಿಲ್ಲ. ನಡುಬೆರಳಿನ ಒಳಭಾಗ ಸೀಳಿತ್ತು, ಹೊಲಿಗೆ ಹಾಕಿದರು. ಬೆರಳು ಮಡಚುವ ಹುರಿಗಳು, ಅಂದರೆ ಟೆಂಡನ್‌ಗಳು ಒಳಗೆ ತುಂಡಾಗಿದ್ದು ಯಾರ ಗಮನಕ್ಕೂ ಬರಲಿಲ್ಲ. ಬಿಡುಗಡೆ ಚೀಟಿಯಲ್ಲಿ ಬರೆದದ್ದು ಇಷ್ಟೇ: ತೋರುಬೆರಳು ತುದಿ ಗೆಣ್ಣು ಹೋಗಿದೆ, ನಡುಬೆರಳಿಗೆ ಚರ್ಮದ ಗಾಯ. ಕಾರ್ಖಾನೆಯವರು ಕಳಿಸಿದ ಅಪಘಾತ ವರದಿ, ಅಂದರೆ 12ನೇ ನಮೂನೆಯಲ್ಲಿ ನಡುಬೆರಳಿನ ಹೆಸರೇ ಇರಲಿಲ್ಲ. ಈ ಎರಡು ಕಾಗದ ಎರಡು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಕೆಲಸಕ್ಕೆ ಹೋಗಲಾಗದ ಆ ಐದೂವರೆ ತಿಂಗಳು ಇಎಸ್‌ಐ ತಾತ್ಕಾಲಿಕ ಅಂಗವಿಕಲತೆಯ ದುಡ್ಡು ಸರಿಯಾಗಿ ಬಂತು. ದಿನದ ಸರಾಸರಿ ಕೂಲಿ 520 ರೂಪಾಯಿ, ಅದರ ಶೇ 90 ಅಂದರೆ 468 ರೂಪಾಯಿ. ಖಾತೆಗೇ ಬೀಳುತ್ತಿತ್ತು, ಒಂದು ದಿನವೂ ಯಾರನ್ನೂ ಕಾಡಿ ಬೇಡಲಿಲ್ಲ. ತಿಂಗಳ ಸಂಬಳದಲ್ಲಿ ಶೇ 0.75 ಹಿಡಿಯುತ್ತಾರಲ್ಲ, ಯಾಕಪ್ಪ ಇದು ಅಂತ ಗೊಣಗಿದ್ದವನು ನಾನು. ಆ ಐದೂವರೆ ತಿಂಗಳು ಮನೆ ನಡೆದದ್ದು ಅದರಿಂದಲೇ.

ತೊಡಕು ಬಂದದ್ದು ಶಾಶ್ವತ ಅಂಗವಿಕಲತೆಯ ಲೆಕ್ಕಕ್ಕೆ. 2023ರ ಜನವರಿಯಲ್ಲಿ ವೈದ್ಯಕೀಯ ಮಂಡಳಿ ಮುಂದೆ ಹೋದೆ. ಕಾಗದ ನೋಡಿದರು, ಎಕ್ಸ್‌ರೇ ನೋಡಿದರು, ಕೈ ನೋಡಿದರು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಟೆಂಡನ್ ಕಾಣುವುದಿಲ್ಲ. ನಡುಬೆರಳಿನ ಮೂಳೆ ಎಲ್ಲ ನೆಟ್ಟಗಿತ್ತು. ನಾನೂ ಬಾಯಿ ಬಿಡಲಿಲ್ಲ. ಡಾಕ್ಟರುಗಳು ಕೂತಿದ್ದಾರೆ, ಅವರಿಗೆ ಗೊತ್ತಾಗದೆ ಇರುತ್ತದೆಯೇ ಅಂದುಕೊಂಡೆ. ಫೆಬ್ರವರಿಯಲ್ಲಿ ಪತ್ರ ಬಂತು: ಗಳಿಕೆಯ ಸಾಮರ್ಥ್ಯದಲ್ಲಿ ಶೇ 9ರಷ್ಟು ನಷ್ಟ. ನಡುಬೆರಳಿನ ವಿಚಾರಕ್ಕೆ, ಶಾಶ್ವತ ಊನ ಇಲ್ಲ ಅಂತ ಒಂದು ಸಾಲು.

ಶೇ 9 ಅಂದರೆ ಎಷ್ಟು? 468ರಲ್ಲಿ ನೂರಕ್ಕೆ ಒಂಬತ್ತು, ದಿನಕ್ಕೆ 42 ರೂಪಾಯಿ 12 ಪೈಸೆ. ತಿಂಗಳಿಗೆ 1,260 ರೂಪಾಯಿ ಹತ್ತಿರ ಹತ್ತಿರ. ಬದುಕಿರುವವರೆಗೂ ಬರುವ ದುಡ್ಡು, ನಿಜ. ಆದರೆ ಕಾರ್ಖಾನೆಯವರು ನನ್ನನ್ನು ಪ್ರೆಸ್‌ನಿಂದ ತೆಗೆದು ಪ್ಯಾಕಿಂಗ್‌ಗೆ ಹಾಕಿದ್ದರು. ಓಟಿ ನಿಂತು ಹೋಯಿತು. ಮನೆಯ ತೂತು 1,260ಕ್ಕೆ ಮುಚ್ಚುವಂಥದ್ದಾಗಿರಲಿಲ್ಲ.

ಆಮೇಲೆ ಎರಡು ದಾರಿ ತಪ್ಪಿದೆ. ನನ್ನ ಹಾಗೆ ಬೇರೆಯವರೂ ತಪ್ಪುತ್ತಾರೆ ಅಂತ ಹೇಳುತ್ತಿದ್ದೇನೆ. ಊರಲ್ಲಿ ಎಲ್ಲರೂ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸು, ನಾಡಕಚೇರಿಯಲ್ಲಿ ಪಿಂಚಣಿಗೆ ಅರ್ಜಿ ಹಾಕು ಅಂದರು. ಅದೇ ಬೇರೆ, ಇದೇ ಬೇರೆ. ಅಂಗವಿಕಲರ ಪಿಂಚಣಿಗೆ ಶೇ 40 ಅಂಗವಿಕಲತೆ ಇರಬೇಕು. ಇಎಸ್‌ಐನಲ್ಲಿ ಅಂಥ ಗೆರೆ ಇಲ್ಲ, ಕೆಲಸದ ಜಾಗದಲ್ಲಿ ಆದ ಗಾಯದಿಂದ ದುಡಿಮೆಯ ಶಕ್ತಿ ಎಷ್ಟು ಕುಂದಿತೋ ಅಷ್ಟಕ್ಕೆ ದುಡ್ಡು. ಎರಡೂ ಕಡೆ ‘ಶೇಕಡಾ’ ಅನ್ನುವ ಒಂದೇ ಮಾತು ಇರುವುದರಿಂದ ಜನ ಗೊಂದಲ ಮಾಡಿಕೊಳ್ಳುತ್ತಾರೆ. ನಾನು ಮೂರು ವಾರ ಅದರ ಹಿಂದೆ ಅಲೆದೆ.

ಎರಡನೆಯದು ಒಬ್ಬ ಮಧ್ಯವರ್ತಿ. ಟೀ ಅಂಗಡಿಯಲ್ಲಿ ಸಿಕ್ಕ. ಐದು ಸಾವಿರ ಮುಂಗಡ ಕೊಡಿ, ಕಂಪನಿ ಮೇಲೆ ಕೇಸು ಹಾಕಿಸಿ ನಾಲ್ಕು ಲಕ್ಷ ಬರಿಸ್ತೀನಿ, ಬಂದದ್ದರಲ್ಲಿ ನನಗೆ ನೂರಕ್ಕೆ ಮೂವತ್ತು ಅಂದ. ನಾಲ್ಕು ಲಕ್ಷ ಅಂದಾಗ ಯಾರಿಗೆ ತಾನೆ ಆಸೆ ಆಗುವುದಿಲ್ಲ? ಹೆಂಡತಿಯ ಓಲೆ ಅಡ ಇಡಲು ಮಾತಾಡಿಯೂ ಆಗಿತ್ತು. ಅಷ್ಟರಲ್ಲಿ, ಹಿಂದೆ ಯೂನಿಯನ್‌ನಲ್ಲಿದ್ದು ಈಗ ನಿವೃತ್ತರಾಗಿರುವ ನಮ್ಮ ಪಕ್ಕದೂರಿನ ಹಿರಿಯರೊಬ್ಬರು ಬಸ್ಸಿನಲ್ಲಿ ನನ್ನ ಕೈ ನೋಡಿ ವಿಚಾರಿಸಿದರು. ‘ಸಹಿ ಗಿಹಿ ಏನೂ ಹಾಕ್ಬೇಡ. ಮೊದ್ಲು ಈ ಮೇಡಮ್ಮನ ಹತ್ರ ಹೋಗು’ ಅಂತ ಬಸ್ ಟಿಕೆಟ್ ಹಿಂದೆ ನಂಬರ್ ಬರೆದುಕೊಟ್ಟರು.

ಹಳೆ ಕೋರ್ಟಿನ ಕಡೆಯಿಂದ ನಡೆದು ಹೋಗುವಷ್ಟು ಹತ್ತಿರ, ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಮೊದಲ ಸಲ ನಾನೂ ನನ್ನ ಹೆಂಡತಿಯೂ ಹೋದೆವು. ಫೈಲು ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ‘ಇರ್ಲಿ, ಅದನ್ನ ಆಮೇಲೆ ನೋಡ್ತೀನಿ’ ಅಂದು ಮೇಜಿನ ಮೇಲೆ ಒಂದು ಗುಂಡುಪಿನ್ನು ಹಾಕಿ ಎತ್ತಿಕೊಡಿ ಅಂದರು. ಎಡಗೈ ಮುಂದೆ ಮಾಡಿದೆ. ಬಲಗೈಲಿ ಅಂದರು. ಆಗಲಿಲ್ಲ. ಹತ್ತು ರೂಪಾಯಿ ನೋಟಿನ ಕಂತೆ ಕೊಟ್ಟು ಎಣಿಸಿ ಅಂದರು. ನಡುಬೆರಳು ನೆಟ್ಟಗೆ ನಿಂತು ನೋಟಿಗೆ ಅಡ್ಡ ಬರುತ್ತಿತ್ತು, ಕಂತೆ ಜಾರಿ ಬಿತ್ತು. ತುಂಬುತೋಳಿನ ಅಂಗಿಯ ಎಡ ಮುಂಗೈ ಗುಂಡಿ ಹಾಕಿ ಅಂದರು. ಎರಡು ನಿಮಿಷ ಒದ್ದಾಡಿದೆ. ಅವರು ಒಂದು ಮಾತೂ ಆಡದೆ ನೋಡಿದರು, ಬರೆದುಕೊಂಡರು.

ಆಮೇಲೆ ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ಕೇಳಿದರು: ‘ಮೊದ್ಲು ಮಾಡದೆ ಇದ್ದದ್ದು, ಈಗ ಇವರಿಗೆ ನೀವು ಏನೇನು ಮಾಡಿಕೊಡ್ತಿದ್ದೀರಮ್ಮ?’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಮುದ್ದೆ ಮುರ್ದು ಕೊಡ್ತೀನಿ’ ಅಂದಳು.

ಮಂಡ್ಯ ಕಡೆಯವರಿಗೆ ಇದು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬಿಸಿ ಮುದ್ದೆಯನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳು ಈ ಮೂರರಲ್ಲೇ ಮುರಿಯಬೇಕು, ಉಂಡೆ ಮಾಡಬೇಕು, ಸಾರಿನಲ್ಲಿ ಅದ್ದಬೇಕು. ನನ್ನ ತೋರುಬೆರಳಿನ ಮೋಟು ಬಿಸಿ ತಾಗಿದರೆ ಜುಮ್ ಅನ್ನುತ್ತದೆ, ನಡುಬೆರಳು ಕಡ್ಡಿಯ ಹಾಗೆ ಆಚೆ ನಿಲ್ಲುತ್ತದೆ. ಕಾರ್ಖಾನೆಯಲ್ಲಿ ಚಮಚ ಹಿಡಿದು ಉಪ್ಪಿಟ್ಟು ತಿಂದು ಬರುತ್ತಿದ್ದೆ. ಮನೆಯಲ್ಲಿ, ಮಕ್ಕಳು ಉಂಡು ಎದ್ದ ಮೇಲೆ, ಅವಳು ತಣ್ಣಗಾದ ಮುದ್ದೆಯನ್ನು ಚೂರು ಮಾಡಿ ತಟ್ಟೆಯಲ್ಲಿ ಇಡುತ್ತಿದ್ದಳು. ಇದನ್ನು ನಾನು ಯಾವ ಡಾಕ್ಟರಿಗೂ ಹೇಳಿರಲಿಲ್ಲ. ನನ್ನ ಅಮ್ಮನಿಗೂ ಹೇಳಿರಲಿಲ್ಲ. ಅವತ್ತು ಆ ಕೋಣೆಯಲ್ಲಿ ನನಗೆ ಕಣ್ಣಲ್ಲಿ ನೀರು ಬಂತು. ವಕೀಲೆ ಅದನ್ನು ಕಾಣದವರ ಹಾಗೆ ಕಿಟಕಿ ತೆರೆಯಲು ಎದ್ದು ಹೋದರು. ವಾಪಸ್ ಬಂದು ಕೂತ ಮೇಲೆ, ಆಗ, ಫೈಲು ತೆಗೆದರು.

ಫೈಲು ಓದಿ ಮುಗಿಸಿ, ಕಪಾಟಿನಿಂದ ಇಎಸ್‌ಐ ಕಾಯ್ದೆಯ ಪುಸ್ತಕ ಇಳಿಸಿದರು. 1948ರ ಕಾಯ್ದೆ. ಅದರ ಎರಡನೇ ಅನುಸೂಚಿಯಲ್ಲಿ ಯಾವ ಅಂಗ ಹೋದರೆ ಎಷ್ಟು ಅಂತ ಪಟ್ಟಿಯೇ ಇದೆ. ನಾನು ಮೊದಲ ಸಲ ನೋಡಿದ್ದು. ಹೆಬ್ಬೆರಳು ಪೂರ್ತಿ ಹೋದರೆ 30. ತೋರುಬೆರಳು ಪೂರ್ತಿ ಹೋದರೆ 14, ಎರಡು ಗೆಣ್ಣು 11, ಒಂದು ಗೆಣ್ಣು 9. ನಡುಬೆರಳು ಪೂರ್ತಿ 12, ಎರಡು ಗೆಣ್ಣು 9, ಒಂದು ಗೆಣ್ಣು 7. ಉಂಗುರದ ಬೆರಳು, ಕಿರುಬೆರಳು ಪೂರ್ತಿ ಹೋದರೆ ಏಳೇಳು. ‘ನಿಮಗೆ ಕೊಟ್ಟ 9 ತಪ್ಪಲ್ಲ. ತೋರುಬೆರಳಿಗೆ ಅದು ಸರಿ’ ಅಂದರು. ಆಮೇಲೆ ಪಟ್ಟಿಯ ಕೊನೆಗೆ ಬೆರಳಿಟ್ಟು ಅಲ್ಲಿದ್ದ ಟಿಪ್ಪಣಿಯನ್ನು ನಿಧಾನವಾಗಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಈ ಪಟ್ಟಿಯಲ್ಲಿರುವ ಯಾವುದೇ ಅಂಗದ ಬಳಕೆ ಪೂರ್ತಿಯಾಗಿ, ಶಾಶ್ವತವಾಗಿ ಹೋದರೆ, ಆ ಅಂಗವೇ ಹೋದದ್ದಕ್ಕೆ ಸಮ ಅಂತ ತಿಳಿಯಬೇಕು. ಬೆರಳು ಕಣ್ಣಿಗೆ ಕಾಣುತ್ತಿದೆ ಅನ್ನುವುದು ಲೆಕ್ಕಕ್ಕಿಲ್ಲ, ಅದರಿಂದ ಕೆಲಸ ಆಗುತ್ತದೆಯೇ ಅನ್ನುವುದೇ ಲೆಕ್ಕ.

ಒಂದೇ ಒಂದು ವಾಕ್ಯ. ಎಷ್ಟೋ ವರ್ಷದಿಂದ ಪುಸ್ತಕದಲ್ಲಿತ್ತು. ನನಗೆ ಯಾರೂ ಹೇಳಿರಲಿಲ್ಲ.

ಮಧ್ಯವರ್ತಿಯ ನಾಲ್ಕು ಲಕ್ಷದ ವಿಚಾರ ಎತ್ತಿದೆ. ಇಎಸ್‌ಐ ವ್ಯಾಪ್ತಿಯಲ್ಲಿರುವ ಕಾರ್ಮಿಕ ಅದೇ ಗಾಯಕ್ಕೆ ಮಾಲೀಕರ ಮೇಲೆ 1923ರ ಪರಿಹಾರ ಕಾಯ್ದೆಯಡಿ ಹೋಗುವಂತಿಲ್ಲ, ಇಎಸ್‌ಐ ಕಾಯ್ದೆಯ 53ನೇ ಕಲಂ ಅಡ್ಡ ಬರುತ್ತದೆ ಅಂದರು. ಮುಂಗಡ ಕೊಟ್ಟಿದ್ದರೆ ಐದು ಸಾವಿರವೂ ಹೋಗಿ, ಅದಕ್ಕಿಂತ ಹೆಚ್ಚಾಗಿ ಮೇಲ್ಮನವಿಯ ವಾಯಿದೆಯೂ ಮುಗಿದು ಹೋಗುತ್ತಿತ್ತು. ಮಂಡಳಿಯ ತೀರ್ಮಾನ ಕೈಗೆ ಬಂದ ದಿನದಿಂದ ಮೂರು ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಅದು ಬೇಡ ಅಂದರೆ ನೇರವಾಗಿ ಕಾರ್ಮಿಕರ ವಿಮಾ ನ್ಯಾಯಾಲಯಕ್ಕೂ ಹೋಗಬಹುದು. ಮೊದಲು ನ್ಯಾಯಮಂಡಳಿಗೆ ಹೋದರೆ, ಅಲ್ಲಿ ಸೋತರೂ ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ, ಅದಕ್ಕೆ ಹೀಗೆ ಹೋಗೋಣ ಅಂದರು. ‘ಪತ್ರ ಬಂದ ಲಕೋಟೆ ಇದೆಯಾ?’ ಅಂತ ಕೇಳಿದರು. ಎಸೆದಿದ್ದೆ. ಅವರ ಮುಖ ಸ್ವಲ್ಪ ಬಿಗಿಯಿತು. ಪುಣ್ಯಕ್ಕೆ ಅಂಚೆಯವರ ರಿಜಿಸ್ಟರ್ ಸಹಿಯಿಂದ ದಿನಾಂಕ ಸಿಕ್ಕಿತು.

ನನಗೆ ತುಂಬಾ ಹಿಡಿಸಿದ ಇನ್ನೊಂದು ವಿಷಯ ಫೀಸಿನದು. ಫೀಸು ಹೇಳುವ ಮೊದಲೇ ಅವರು ಹೇಳಿದ್ದು, ‘ನನಗೆ ಕೊಡಲೇಬೇಕು ಅಂತಿಲ್ಲ. ನಿಮಗೆ ಉಚಿತವಾಗಿಯೂ ವಕೀಲರು ಸಿಗ್ತಾರೆ’ ಅಂತ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೂ ಅಂಗವಿಕಲರಿಗೂ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರಾಯಿತು, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಇನ್ನು ವಿಮಾ ನ್ಯಾಯಾಲಯದಲ್ಲಾದರೆ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿಯೇ, ಲಿಖಿತ ಅಧಿಕಾರ ಕೊಟ್ಟರೆ, ನಮ್ಮ ಪರ ನಿಲ್ಲಬಹುದು. ನಮ್ಮ ಕಾರ್ಖಾನೆಯಲ್ಲಿ ಸಂಘ ಇರಲಿಲ್ಲ. ಎರಡು ದಿನ ಯೋಚಿಸಿ ವಾಪಸ್ ಅವರ ಹತ್ತಿರವೇ ಹೋದೆ. ತನ್ನ ಹೊಟ್ಟೆಪಾಡಿಗೆ ಅಡ್ಡ ಬರುವ ಮಾತನ್ನು ತಾನೇ ಹೇಳುವವರ ಮೇಲೆ ನಂಬಿಕೆ ತಾನಾಗಿ ಬರುತ್ತದೆ.

ಒಟ್ಟು ಫೀಸು 8,000 ರೂಪಾಯಿ, ನಾಲ್ಕು ಕಂತು. ಪ್ರತಿ ಸಲ ರಸೀತಿ ಕೊಟ್ಟರು. ಬಂದದ್ದರಲ್ಲಿ ಇಷ್ಟು ಪಾಲು ಅನ್ನುವ ಮಾತೇ ಇಲ್ಲ, ಹಾಗೆ ಪಾಲು ಕೇಳುವುದು ವಕೀಲರಿಗೆ ನಿಷಿದ್ಧವಂತೆ. ಜೆರಾಕ್ಸ್, ಟೈಪಿಂಗ್, ನೋಟರಿ, ತಜ್ಞ ಡಾಕ್ಟರ ಪರೀಕ್ಷೆ, ಬಸ್ಸು ಎಲ್ಲ ಸೇರಿ ಮೇಲೆ ಇನ್ನೊಂದು 5,000 ಆಗಿರಬೇಕು.

ಕೆಲಸ ಶುರುವಾದದ್ದು ಒಂದು 40 ಪುಟದ ನೋಟ್‌ಬುಕ್ಕಿನಿಂದ. ಮೂರು ವಾರ, ದಿನಾ ರಾತ್ರಿ, ಅವತ್ತು ಬಲಗೈಲಿ ಮಾಡಲು ಹೋಗಿ ಆಗದೆ ಇದ್ದದ್ದನ್ನು ಬರೆಯಿರಿ ಅಂದರು. ನನಗೆ ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ಆರನೇ ಕ್ಲಾಸಿನ ಮಗಳು ಬರೆದಳು. ಅವಳು ನಾನು ಹೇಳಿದ್ದನ್ನಷ್ಟೇ ಅಲ್ಲ, ತಾನು ನೋಡಿದ್ದನ್ನೂ ಬರೆದಳು. ‘ಅಪ್ಪ ಬಕೆಟ್ ಎತ್ತಿದರು, ಹಿಡಿ ಜಾರಿತು.’ ‘ಬೈಕಿನ ಬ್ರೇಕ್ ಹಿಡಿಯಲು ಎರಡು ಬೆರಳು ಸಾಲುವುದಿಲ್ಲ ಅಂತ ಅಪ್ಪ ಬೈಕ್ ಕೊಟ್ಟುಬಿಟ್ಟರು.’ ‘ಅಪ್ಪ ಹಸು ಹಾಲು ಕರೆಯಲು ಕೂತು ಎದ್ದು ಬಂದರು.’ ವಕೀಲೆ ಅದನ್ನು ಪೂರ್ತಿ ಓದಿದರು. ನ್ಯಾಯಮಂಡಳಿಗೆ ನೋಟ್‌ಬುಕ್ ಕೊಡಲಿಲ್ಲ, ಅದರಿಂದ ಒಂದೂವರೆ ಪುಟದ ಪ್ರಮಾಣಪತ್ರ (ಅಫಿಡವಿಟ್) ಮಾಡಿದರು. ಕಣ್ಣೀರು ಹಾಕಿಸುವ ಮಾತು ಒಂದೂ ಇರಲಿಲ್ಲ. ಪ್ರೆಸ್ ಆಪರೇಟರ್ ಕೆಲಸಕ್ಕೆ ಯಾವ ಹಿಡಿತ ಬೇಕು, ಈಗ ಯಾವ ಹಿಡಿತ ಇಲ್ಲ, ಇಷ್ಟೇ. ಹಾಲು ಕರೆಯುವುದನ್ನು ಯಾಕೆ ಬಿಟ್ಟಿರಿ ಮೇಡಂ ಅಂದೆ. ‘ಕೇಳ್ತಿರೋದು ಗಳಿಕೆಯ ನಷ್ಟ. ಪ್ರತಿ ಸಾಲೂ ಕೆಲಸದ ಬಗ್ಗೆ ಇರಬೇಕು’ ಅಂದರು.

ಎರಡನೇ ಕೆಲಸ, ನಡುಬೆರಳಿನ ಹೆಸರು ಕಾಗದದ ಮೇಲೆ ಬರುವಂತೆ ಮಾಡಿದ್ದು. ನನ್ನ ಆರು ತಿಂಗಳ ಫಿಸಿಯೋಥೆರಪಿ ಚೀಟಿಗಳನ್ನು ನಾನು ಕಸ ಅಂದುಕೊಂಡಿದ್ದೆ, ಪ್ಲಾಸ್ಟಿಕ್ ಕವರಲ್ಲಿ ಅಟ್ಟದ ಮೇಲಿತ್ತು. ಅದರಲ್ಲಿ ಪ್ರತಿ ವಾರವೂ ನಡುಬೆರಳಿನ ಮಡಚುವಿಕೆ ಬರೆದಿದ್ದರು, ಸೊನ್ನೆ, ಸೊನ್ನೆ, ಸೊನ್ನೆ. ಅಪಘಾತ ಆದ ಎರಡನೇ ವಾರದಿಂದಲೇ. ಈ ಚೀಟಿಗಳಿಂದಲೇ ಬೆರಳಿನ ಊನ ಆಮೇಲೆ ಬಂದದ್ದಲ್ಲ, ಅವತ್ತಿನ ಗಾಯದ್ದೇ ಅಂತ ತೋರಿಸಲು ಆಯಿತು. ಆಮೇಲೆ ಕೈ ಶಸ್ತ್ರಚಿಕಿತ್ಸೆಯ ತಜ್ಞರೊಬ್ಬರ ಹತ್ತಿರ ಕಳಿಸಿದರು. ಅವರು ಗೋನಿಯೋಮೀಟರ್ ಇಟ್ಟು ಪ್ರತಿ ಕೀಲಿನ ಕೋನ ಅಳೆದರು, ಹಿಡಿ ಒತ್ತುವ ಯಂತ್ರದಲ್ಲಿ ಬಲ ಅಳೆದರು. ಎಡಗೈ 38 ಕಿಲೋ, ಬಲಗೈ 17. ಬೆರಳು ಮಡಚುವ ಎರಡೂ ಟೆಂಡನ್ ತುಂಡಾಗಿವೆ, ಮೇಲಿನ ಎರಡು ಕೀಲು ಬಿಗಿದುಹೋಗಿವೆ, ಬುಡದ ಕೀಲು ಮಾತ್ರ ಅಂಗೈಯ ಸಣ್ಣ ಸ್ನಾಯುಗಳಿಂದ ಆಡುತ್ತದೆ ಅಂತ ಬರೆದುಕೊಟ್ಟರು. ಬುಡ ಆಡುತ್ತದೆ ಅಂತ ಬರೆದದ್ದಕ್ಕೆ ನನಗೆ ಸಂಕಟವಾಯಿತು, ಅದರಿಂದ ಕಡಿಮೆ ಆಗುತ್ತದಲ್ಲ ಅಂತ. ವಕೀಲೆ ಒಪ್ಪಲಿಲ್ಲ. ಇದ್ದದ್ದು ಇದ್ದ ಹಾಗೆ ಇರಲಿ, ಅಲ್ಲಿ ಕೂತವರು ನಿಮ್ಮ ಕೈ ಹಿಡಿದು ನೋಡ್ತಾರೆ, ಒಂದು ಸುಳ್ಳು ಕಂಡರೆ ಉಳಿದ ನಿಜವೂ ಹೋಗುತ್ತದೆ ಅಂದರು.

ಇನ್ನು ಬೇಸರದ ವಿಷಯ. ಮೆಟ್ಟಿಲು. ಹತ್ತೊಂಬತ್ತು ಮೆಟ್ಟಿಲು, ಕಡಿದಾದವು, ಒಂದು ಕಡೆ ಮಾತ್ರ ಕಂಬಿ. ನನಗೆ ಕಾಲಿದೆ, ಹತ್ತಿದೆ. ಅವರ ಹತ್ತಿರ ಬರುವವರಲ್ಲಿ ಅರ್ಧ ಜನ ಕಾಲಿಗೆ ಏಟು ಬಿದ್ದವರು. ಒಂದು ದಿನ ಊರುಗೋಲಿನ ಹುಡುಗನೊಬ್ಬ ಕೆಳಗೆ ಬಂದಿದ್ದಾನೆ ಅಂತ ಜೆರಾಕ್ಸ್ ಅಂಗಡಿಯವನು ಕೂಗಿದ. ವಕೀಲೆ ಇಳಿದು ಹೋಗಿ ಅಂಗಡಿಯ ಬೆಂಚಿನ ಮೇಲೆ ಕೂತೇ ಅವನ ಕಾಗದ ಎಲ್ಲ ನೋಡಿದರು. ಅದು ದೊಡ್ಡ ಗುಣ. ಆದರೂ ಆ ಹುಡುಗನ ಮನೆ ವಿಚಾರವನ್ನೆಲ್ಲ ಜೆರಾಕ್ಸ್ ಮಾಡಿಸಲು ಬಂದವರು ಕೇಳಿಸಿಕೊಳ್ಳುತ್ತಿದ್ದರು. ಅಂಗವಿಕಲರ ಕೇಸು ನಡೆಸುವ ಆಫೀಸು ನೆಲಮಹಡಿಯಲ್ಲೇ ಇರಬೇಕು. ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ, ಬಾಡಿಗೆಯ ಕಷ್ಟ ಹೇಳಿದರು.

ಫೋನ್ ಬೆಳಿಗ್ಗೆಯಿಂದ ಸಂಜೆ ಐದರವರೆಗೆ ಎತ್ತುವುದಿಲ್ಲ, ಕೋರ್ಟಿನಲ್ಲಿರುತ್ತಾರೆ. ಮೆಸೇಜಿಗೆ ಉತ್ತರ ಬರಲು ಎರಡು ಮೂರು ದಿನ. ಮೊದಮೊದಲು ನಿದ್ದೆ ಬರುತ್ತಿರಲಿಲ್ಲ. ಮತ್ತೆ ಒಂದು ತಪ್ಪೂ ಆಯಿತು. ಅವರ ಜೂನಿಯರ್ ಅರ್ಜಿಯಲ್ಲಿ ನನ್ನ ಹತ್ತು ಅಂಕಿಯ ವಿಮಾ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪು ಹಾಕಿದ್ದರು. ಮೊದಲ ದಿನವೇ ಅದು ಎದ್ದು, ತಿದ್ದುಪಡಿಗೆ ಎಂದು ವಿಚಾರಣೆ ಎರಡು ತಿಂಗಳು ಮುಂದಕ್ಕೆ ಹೋಯಿತು. ನನಗೆ ಒಂದು ದಿನದ ಕೂಲಿ ಹೋಯಿತು, ಅದಕ್ಕಿಂತ ಆ ಎರಡು ತಿಂಗಳ ಕಾಯುವಿಕೆ ಹಿಂಸೆಯಾಯಿತು. ವಕೀಲೆ ಜೂನಿಯರ್ ಮೇಲೆ ಹಾಕಲಿಲ್ಲ. ‘ನಾನು ಓದಿ ಸಹಿ ಮಾಡ್ಬೇಕಿತ್ತು, ನನ್ನದೇ ತಪ್ಪು’ ಅಂದರು, ಆ ಕಂತಿನ 2,000 ಬಿಟ್ಟರು. ಅಂದರೆ ಕೊನೆಗೆ ನಾನು ಕೊಟ್ಟದ್ದು 6,000.

ವಿಚಾರಣೆಯ ದಿನ ನಾನು ಅಂದುಕೊಂಡಷ್ಟು ಮಾತು ನಡೆಯಲಿಲ್ಲ. ಹಿಂದಿನ ದಿನ ವಕೀಲೆ ಫೋನ್ ಮಾಡಿ ಗುಂಡಿ ಇರುವ ಅಂಗಿಯನ್ನೇ ಹಾಕಿಕೊಂಡು ಬನ್ನಿ, ಟೀ ಶರ್ಟ್ ಬೇಡ ಅಂದಿದ್ದರು. ನ್ಯಾಯಮಂಡಳಿಯವರು ಕೈ ಮುಷ್ಟಿ ಮಾಡಿ ಅಂದರು. ಮಾಡಿದೆ. ನಾಲ್ಕು ಬೆರಳು ಮಡಚಿಕೊಂಡವು, ಮೊಂಡಾದದ್ದೂ ಸೇರಿ. ನಡುಬೆರಳು ಎದ್ದು ನಿಂತಿತು. ಒಬ್ಬ ವೈದ್ಯರು ಅದನ್ನು ಹಿಡಿದು ಮೆಲ್ಲಗೆ ಒತ್ತಿ ನೋಡಿದರು, ನೋವಾಗುತ್ತಾ ಅಂದರು. ಇಲ್ಲ ಸಾರ್, ಜೋಮು ಹಿಡಿದ ಹಾಗೆ ಅಂದೆ. ವಕೀಲೆ ಎದ್ದು ಮೂರು ಕಾಗದ ತೋರಿಸಿದರು: ಫಿಸಿಯೋಥೆರಪಿಯ ಸೊನ್ನೆಗಳು, ತಜ್ಞರ ಕೋನದ ಅಳತೆ, ಅನುಸೂಚಿಯ ಕೆಳಗಿನ ಟಿಪ್ಪಣಿ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಗಟ್ಟಿಯಾಗಿ ವಾದ ಮಾಡುವವರೇ ಒಳ್ಳೆಯ ವಕೀಲರು ಅಂತ ಅಂದುಕೊಂಡಿದ್ದವನಿಗೆ ಅವರ ದನಿ ಅಷ್ಟು ಮೆತ್ತಗಿದ್ದದ್ದು ಆಗ ಭಯವನ್ನೇ ತಂದಿತು. ನಡೆಯಬೇಕಾದ ಕೆಲಸ ಆ ಕೋಣೆಗೆ ಹೋಗುವ ಮೊದಲೇ ನಡೆದಿತ್ತು.

ಆದೇಶ 2024ರ ಫೆಬ್ರವರಿಯಲ್ಲಿ ಬಂತು. ನಾವು ಕೇಳಿದ್ದು ನಡುಬೆರಳು ಪೂರ್ತಿ, 12, ಎರಡೂ ಸೇರಿ 21. ಬುಡದ ಕೀಲು ಆಡುತ್ತದೆ, ಆದ್ದರಿಂದ ಎರಡು ಗೆಣ್ಣಿನ ಬಳಕೆ ಹೋಗಿದೆ ಅಂತ 9 ಕೊಟ್ಟರು. ಒಟ್ಟು 18. ದಿನಕ್ಕೆ 84 ರೂಪಾಯಿ 24 ಪೈಸೆ, ತಿಂಗಳಿಗೆ 2,527 ರೂಪಾಯಿಯ ಹಾಗೆ. 2022ರ ಸೆಪ್ಟೆಂಬರ್‌ನಿಂದ ಲೆಕ್ಕ ಹಾಕಿ ಬಾಕಿ 28 ಸಾವಿರ ಚಿಲ್ಲರೆ ಜೂನ್ ಕೊನೆಯಲ್ಲಿ ಖಾತೆಗೆ ಬಂತು. ಉಳಿದ 3ಕ್ಕೆ ವಿಮಾ ನ್ಯಾಯಾಲಯಕ್ಕೆ ಹೋಗೋಣವಾ ಅಂತ ಕೇಳಿದೆ. ಹೋಗಬಹುದು, ಇಷ್ಟು ಕಾಲ ಹಿಡಿಯುತ್ತದೆ, ಇಷ್ಟು ಖರ್ಚು, ಬುಡದ ಕೀಲು ಆಡುವುದು ನಿಜವೇ ಆದ್ದರಿಂದ ಗೆಲ್ಲುವುದು ಕಷ್ಟ, ತೀರ್ಮಾನ ನಿಮ್ಮದು ಅಂದರು. ಸಾಕು ಅಂದೆ. 18ಕ್ಕೆ ನನಗೆ ಸಮಾಧಾನ ಇದೆ. ಆ ಆದೇಶದಲ್ಲಿ ‘ಬಲಗೈ ನಡುಬೆರಳು’ ಅಂತ ಅಚ್ಚಾದದ್ದನ್ನು ಓದಿದಾಗ ಆದ ಸಮಾಧಾನ ದುಡ್ಡು ಬಂದಾಗಲೂ ಆಗಲಿಲ್ಲ.

ಅವರ ಆಫೀಸಿನ ಬೆಂಚಿನ ಮೇಲೆ ಕಾಯುವಾಗ ಕೇಳಿದ ಇನ್ನೊಂದು ಕೇಸು ಹೇಳಲೇಬೇಕು. ದಿನಕ್ಕೆ ಸಿಗುವ ಅಂಗವಿಕಲತೆಯ ದುಡ್ಡು ತೀರಾ ಕಡಿಮೆ, 10 ರೂಪಾಯಿ ಒಳಗೆ ಇದ್ದವರಿಗೆ ಒಟ್ಟು ಮೊತ್ತವನ್ನು ಒಂದೇ ಗಂಟಾಗಿ ಪಡೆಯುವ ಅವಕಾಶ ಇದೆ. ಒಬ್ಬರು ಹಾಗೆ ಅರ್ಜಿ ಹಾಕಿ ದುಡ್ಡು ತಗೊಂಡು, ಆಮೇಲೆ ಶೇಕಡಾ ಕಡಿಮೆಯಾಯಿತು ಅಂತ ಬಂದಿದ್ದರು. ಹಾಗೆ ತಗೊಂಡ ಮೇಲೆ ಮಂಡಳಿಯ ತೀರ್ಮಾನದ ವಿರುದ್ಧ ಮೇಲ್ಮನವಿಯೇ ಇಲ್ಲ. ವಕೀಲೆ ಅವರಿಂದ ಒಂದು ರೂಪಾಯಿ ತೆಗೆದುಕೊಳ್ಳದೆ, ಆಗುವುದಿಲ್ಲ ಅಂತ ಹೇಳಿ ಕಳಿಸಿದರು. ಆ ಮನುಷ್ಯ ಮೆಟ್ಟಿಲಿಳಿದು ಹೋದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಗಂಟು ತೆಗೆದುಕೊಳ್ಳುವ ಮೊದಲು ಒಂದು ಸಲ ಯಾರನ್ನಾದರೂ ತಿಳಿದವರನ್ನು ಕೇಳಿ, ದಯವಿಟ್ಟು.

ನನ್ನ ಕೇಸು ಹಳೆಯ ಕಾಯ್ದೆಯಲ್ಲಿ ನಡೆದದ್ದು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿರುವುದರಿಂದ ಕಲಂಗಳ ನಂಬರು ನಾನು ಹೇಳಿದಂತೆ ಇರುವುದಿಲ್ಲ. ವಾಯಿದೆಯನ್ನೂ ನಿಮ್ಮ ಪತ್ರ ಬಂದ ವಾರದಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಅವರ ಹತ್ತಿರ ಹೋಗುವುದಾದರೆ ಕೆಲಸದ ದಿನ ಸಂಜೆ ಐದೂವರೆಯ ಮೇಲೆ ಹೋಗಿ, ಶನಿವಾರ ಗದ್ದಲ ಜಾಸ್ತಿ. ಹೆಸರು ಬೇಕಾದವರು ಹೆಬ್ಬಾಳ, ಮೇಟಗಳ್ಳಿ ಕಡೆ ಯಾವುದಾದರೂ ಹಳೆಯ ಯೂನಿಯನ್‌ನವರನ್ನು ವಿಚಾರಿಸಿ, ಹೇಳುತ್ತಾರೆ. ಅಪಘಾತದ ರಾತ್ರಿಯ ಆಸ್ಪತ್ರೆ ಚೀಟಿ, ಅಪಘಾತ ವರದಿಯ ಪ್ರತಿ, ಮಂಡಳಿಯ ಪತ್ರ, ಅದು ಬಂದ ಲಕೋಟೆ, ಫಿಸಿಯೋಥೆರಪಿಯ ಒಂದೊಂದು ಚೂರೂ ತಗೊಂಡು ಹೋಗಿ. ಗಾಯವಾಗಿ ಇನ್ನೂ ಹೆಚ್ಚು ದಿನ ಆಗಿಲ್ಲದಿದ್ದರೆ, ಅಪಘಾತ ವರದಿಯಲ್ಲಿ ಏಟು ಬಿದ್ದ ಪ್ರತಿ ಬೆರಳಿನ ಹೆಸರೂ ಇದೆಯೇ ಅಂತ ಇವತ್ತೇ ನೋಡಿಕೊಳ್ಳಿ, ಇಲ್ಲದಿದ್ದರೆ ಬರೆದು ಕೊಟ್ಟು ಸೇರಿಸಲು ಕೇಳಿ, ಕೊಟ್ಟ ಕಾಗದದ ನಕಲಿಗೆ ಸೀಲು ಹಾಕಿಸಿಕೊಳ್ಳಿ. ಮತ್ತೆ, ಮನೆಯಲ್ಲಿ ನಿಮಗೆ ಅನ್ನ ಬಡಿಸುವವರನ್ನು ಜೊತೆಗೆ ಕರೆದುಕೊಂಡು ಹೋಗಿ.